ಹೆಸರಿನ ಕೆಳಗೆ ಒಂದು ಗೇಣು

ಪುಂಜಾಲಕಟ್ಟೆ
12 ಫೆಬ್ರವರಿ 2024

ಚಿ. ಕಾಂತಿಗೆ,

ಧರ್ಣಪ್ಪ ಮಾವನ ಆಶೀರ್ವಾದ. ಕ್ಷೇಮ ಸಮಾಚಾರ ಕೇಳುವಷ್ಟು ಸಮಾಧಾನ ಇವತ್ತು ನನಗಿಲ್ಲ. ಸಿಟ್ಟು ಉಂಟು, ಅದನ್ನು ಮೊದಲು ಬರೆದು ಮುಗಿಸುತ್ತೇನೆ.

ಅಳದಂಗಡಿಯ ಕುಟುಂಬದ ಮನೆಯಲ್ಲಿ ಮೊನ್ನೆ ದೈವಕ್ಕೆ ತಂಬಿಲ ಸೇವೆ ಆಯಿತು. ವರ್ಷಕ್ಕೆ ಒಂದೇ ದಿನ ನಾವೆಲ್ಲ ಸೇರುವುದು. ಎರಡು ವರ್ಷದ ಹಿಂದೆ ಮಗಳು ಸಾತ್ವಿಕಾಳಿಗೆ ಪರೀಕ್ಷೆ ಎಂದೆ. ಹೋದ ವರ್ಷ ಜ್ವರ ಎಂದೆ. ಈ ವರ್ಷ ನಿನ್ನ ಹೊಲಿಗೆ ಮೆಶಿನ್ ಹಾಳಾಯಿತಂತೆ. ಮೂಡಬಿದಿರೆಯಿಂದ ಅಳದಂಗಡಿಗೆ ನೀನು ಮೆಶಿನಿನ ಮೇಲೆ ಕೂತು ಬರುವುದಾ ಮಾರಾಯ್ತಿ? ಬಸ್ಸು ಉಂಟಲ್ಲ.

ಫೋನಿನಲ್ಲಿ ಬೈಯುವ ಎಂದರೆ ನನ್ನ ಎರಡೂ ಕಿವಿ ನಿವೃತ್ತಿಯಾಗಿ ಐದು ವರ್ಷ ಆಯಿತು. ನಿನ್ನ ಅತ್ತೆ ಹರಿಣಾಕ್ಷಿಯ ಮೊಬೈಲಿನಲ್ಲಿ ಟೈಪು ಮಾಡಿ ಬೈದರೆ ಸಿಟ್ಟು ಪೂರ್ತಿ ಹೊರಗೆ ಬರುವುದಿಲ್ಲ. ಹಾಗಾಗಿ ಈ ಕಾಗದ.

ನೀನು ಬಾರದೆ ಕಳೆದುಕೊಂಡದ್ದು ಏನೆಂದು ಹೇಳುತ್ತೇನೆ. ನಲವತ್ತು ವರ್ಷ ಅಂಗಡಿ, ಬಸ್ಸು, ಶಾಲೆ ಎಂದು ಊರಿಡೀ ಬೋರ್ಡು ಬರೆದ ಕೈ ನನ್ನದು. ಫ್ಲೆಕ್ಸ್ ಬಂದ ಮೇಲೆ ಕುಂಚ ಒಣಗಿತ್ತು. ಈ ಸಲ ನಮ್ಮ ವಂಶಾವಳಿಯನ್ನೇ ಆರು ಅಡಿ ಹಲಸಿನ ಹಲಗೆಯಲ್ಲಿ ಬರೆದು ಚಾವಡಿಯಲ್ಲಿ ತೂಗು ಹಾಕಿದ್ದೇನೆ. ನಮ್ಮದು ಹೆಣ್ಣಿನಿಂದ ಮುಂದುವರಿಯುವ ಕುಟುಂಬ, ಗಂಡಸರ ಮಕ್ಕಳು ಅವರವರ ತಾಯಿಯ ಕಡೆಗೆ ಸಲ್ಲುತ್ತಾರೆ. ಆದ್ದರಿಂದ ಗಂಡಸರ ಹೆಸರಿನ ಕೆಳಗೆಲ್ಲ ಕೆಂಪು ಗೆರೆ ಎಳೆದು ಮುಗಿಸಿದೆ, ನನ್ನ ಹೆಸರಿಗೂ. ನನ್ನ ಅಕ್ಕ ಅಮ್ಮಣಿ, ಅವಳ ಕೆಳಗೆ ಮಗಳು ನೀನು, ನಿನ್ನ ಕೆಳಗೆ ಸಾತ್ವಿಕಾ. ನಮ್ಮ ಕವಲಿನಲ್ಲಿ ಉಳಿದಿರುವ ಎಳೆಯ ಹೆಣ್ಣು ಅವಳೊಬ್ಬಳೇ. ಅವಳ ಹೆಸರಿನ ಕೆಳಗೆ ಅಳತೆ ಹಿಡಿದು ಒಂದು ಗೇಣು ಖಾಲಿ ಬಿಟ್ಟಿದ್ದೇನೆ. ಕುಟುಂಬ ನಿಲ್ಲದ ಹಾಗೆ ನೋಡಿಕೊಳ್ಳುತ್ತೇನೆಂದು ಅಮ್ಮಣಿಗೆ ಅವಳ ಕೊನೆಗಾಲದಲ್ಲಿ ಮಾತು ಕೊಟ್ಟಿದ್ದೆ.

ಹರಿಣಾಕ್ಷಿ ಫೋಟೊ ಕಳಿಸಿದ್ದಾಳೆ, ನೋಡು. ಮುಂದಿನ ವರ್ಷ ಹುಡುಗಿಗೆ ರೇಷ್ಮೆ ಲಂಗ ತೊಡಿಸಿ ಕರೆದುಕೊಂಡು ಬಾ.

ನಿನ್ನ ಮಾವ,
ಧರ್ಣಪ್ಪ

*

ಮೂಡಬಿದಿರೆ
23 ಜೂನ್ 2024

ಪ್ರೀತಿಯ ಮಾವನಿಗೆ,

ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ಮೆಶಿನ್ ಸರಿಯಾಗಿಯೇ ಇತ್ತು. ಜ್ವರವೂ ಇರಲಿಲ್ಲ. ನಾನು ಸುಳ್ಳು ಹೇಳಿದೆ.

ಮೇ ತಿಂಗಳಲ್ಲಿ ನನಗೆ ಶಾಲೆಗಳ ಯೂನಿಫಾರ್ಮ್ ಹೊಲಿಯುವ ಕೆಲಸ ಎಂದು ನಿಮಗೆ ಗೊತ್ತಲ್ಲ. ಪ್ರತಿ ವರ್ಷ ಮೊದಲ ಅಳತೆ ಸಾತ್ವಿಕಾಳದ್ದು. ಈ ಸಲ ಎದೆಗೆ ಟೇಪು ಸುತ್ತುವಾಗ ನನ್ನ ಕೈ ತಳ್ಳಿ ಓಡಿ, ಕಟ್ಟಿಂಗ್ ಮೇಜಿನ ಕೆಳಗೆ ಹೋಗಿ ಕೂತಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದಳು: "ಅಮ್ಮ, ಇದು ಬೆಳೆಯುದು ಬೇಡ. ನಿಲ್ಲಿಸ್ಲಿಕ್ಕೆ ಆಗುದಿಲ್ವಾ?" ನಾನೂ ಮೇಜಿನ ಕೆಳಗೆ ನುಸುಳಿ, ಬಟ್ಟೆ ಚೂರುಗಳ ನಡುವೆ ಅವಳ ಪಕ್ಕ ಕೂತೆ.

ಇದು ಹೊಸತಲ್ಲ ಮಾವ. ಐದನೇ ವಯಸ್ಸಿನಲ್ಲಿ "ನಾನು ಹುಡುಗ" ಎಂದಾಗ ನಾವು ನಕ್ಕೆವು. ಎಂಟನೇ ವಯಸ್ಸಿನಲ್ಲಿ ಹೇಳಿದಾಗ ಬೈದೆವು. ಹತ್ತು ದಾಟಿದ ಮೇಲೆ ಮಾತನ್ನೇ ನಿಲ್ಲಿಸಿದಳು, ಆಗ ನಮಗೆ ಹೆದರಿಕೆಯಾಯಿತು. ಲಂಗ ತೊಡಿಸಲಾರದೆಯೇ ನಾನು ತಂಬಿಲಕ್ಕೆ ಬಾರದೆ ಉಳಿದದ್ದು.

ಮಂಗಳೂರಿನಲ್ಲಿ ಮನಸ್ಸಿನ ಡಾಕ್ಟರು ಒಂದೂವರೆ ವರ್ಷದಿಂದ ನೋಡುತ್ತಿದ್ದಾರೆ. ಈಗ ಮಕ್ಕಳ ಹಾರ್ಮೋನಿನ ಡಾಕ್ಟರ ಹತ್ತಿರ ಕಳಿಸಿದರು. ಮೈ ದೊಡ್ಡದಾಗುವುದನ್ನು ಸ್ವಲ್ಪ ಕಾಲ ತಡೆದಿಡುವ ಇಂಜೆಕ್ಷನ್ ಉಂಟಂತೆ, ಮೂರು ತಿಂಗಳಿಗೊಮ್ಮೆ. ಅಷ್ಟರಲ್ಲಿ ಮಗುವಿಗೂ ನಮಗೂ ಯೋಚಿಸಲು ಸಮಯ ಸಿಗುತ್ತದೆ ಎನ್ನುತ್ತಾರೆ. ತಂದೆ ತಾಯಿ ಇಬ್ಬರ ಸಹಿಯೂ ಬೇಕು.

ಇವರು ಮಸ್ಕತ್ತಿನ ಹೋಟೆಲಿನಿಂದ ಒಂದೇ ಮಾತು ಹೇಳುತ್ತಾರೆ: "ಮಕ್ಕಳು ನಿಮ್ಮ ಕುಟುಂಬಕ್ಕೆ ಸೇರಿದ್ದು. ಧರ್ಣಪ್ಪ ಮಾವ ಹೂಂ ಅನ್ಲಿ, ನಾನು ಬಂದು ಸಹಿ ಹಾಕ್ತೇನೆ." ಆದ್ದರಿಂದ ಕೇಳುತ್ತಿದ್ದೇನೆ. ಒಮ್ಮೆ ಮುಟ್ಟು ಶುರುವಾದರೆ ಈ ಮಗು ಅದನ್ನು ಹೇಗೆ ತಾಳೀತು ಎಂದು ನನಗೆ ಗೊತ್ತಿಲ್ಲ.

ಹಲಗೆಯ ಫೋಟೊ ನೋಡಿದೆ, ಅಕ್ಷರ ತುಂಬ ಚೆಂದ ಬಂದಿದೆ. ಆ ಖಾಲಿ ಜಾಗ ನೋಡಿಯೇ ಇಷ್ಟು ದಿನ ಬರೆಯಲಾಗಲಿಲ್ಲ.

ನಿಮ್ಮ,
ಕಾಂತಿ

*

ಪುಂಜಾಲಕಟ್ಟೆ
2 ಜುಲೈ 2024

ಕಾಂತಿಗೆ,

ಆಗುವುದಿಲ್ಲ.

ಹನ್ನೆರಡು ತುಂಬದ ಮಗುವಿನ ಮಾತಿಗೆ ಸೂಜಿ ಚುಚ್ಚಿಸುವುದಾ? ಆ ವಯಸ್ಸಿನಲ್ಲಿ ನನಗೆ ಬಸ್ ಕಂಡಕ್ಟರ್ ಆಗಬೇಕೆಂದು ಇತ್ತು. ಅಪ್ಪ ಕೂಡಲೇ ಸೀಟಿ ತಂದು ಕೊಟ್ಟನಾ? ದೇವರು ಕೊಟ್ಟ ಮೈ, ಅದರ ಪಾಡಿಗೆ ಅದು ಬೆಳೆಯಲಿ. ಆ ಮೊಬೈಲನ್ನು ಮೊದಲು ಕಿತ್ತುಕೊಂಡು ಕಪಾಟಿನಲ್ಲಿಡು. ಎಲ್ಲ ಸರಿಯಾಗುತ್ತದೆ.

ಧರ್ಣಪ್ಪ

ಕಾಂತಿ, ಇದು ಹರಿಣಾಕ್ಷಿ. ಅಂಚೆಗೆ ಹಾಕಲು ಕೊಟ್ಟರು, ನಾನು ಓದಿಯೇ ಹಾಕುವುದು. ಇದನ್ನು ಬರೆದು ಎರಡು ದಿನ ಆಯಿತು, ಇವರು ಸರಿಯಾಗಿ ಊಟ ಮಾಡಿಲ್ಲ. ದಸರಾ ರಜೆಯಲ್ಲಿ ಮಗುವನ್ನು ಇಲ್ಲಿಗೆ ಕಳಿಸು. ಏನು ಹಾಕಿಕೊಂಡು ಬಂದರೂ ಅಡ್ಡಿಯಿಲ್ಲ.

*

ಮೂಡಬಿದಿರೆ
21 ಜುಲೈ 2024

ಅಜ್ಜನಿಗೆ ನಮಸ್ಕಾರಗಳು.

ನಾನು ಈಗ ಏಳನೇ ಕ್ಲಾಸು. ಪತ್ರ ಬರೆಯುವುದು ನಮಗೆ ಪರೀಕ್ಷೆಗೆ ಉಂಟು, ಐದು ಮಾರ್ಕ್. ಆದರೆ ನಿಜವಾದ ಪತ್ರ ಇದೇ ಮೊದಲು.

ನೀವು ಅಮ್ಮನಿಗೆ ಬರೆದ ಎರಡು ಕಾಗದಗಳನ್ನೂ ನಾನು ಓದಿದೆ. ಅಮ್ಮ ತೋರಿಸಲಿಲ್ಲ, ಮೆಶಿನಿನ ಡ್ರಾಯರಿನಲ್ಲಿ ಇತ್ತು. ಅದಕ್ಕೆ ಸಾರಿ. ನಿಮಗೆ ಕಂಡಕ್ಟರ್ ಆಗಬೇಕೆಂದು ಇತ್ತು ಅಂತ ಬರೆದಿದ್ದೀರಿ. ನನಗೆ ಏನೋ ಆಗಬೇಕು ಅಂತ ಅಲ್ಲ ಅಜ್ಜ. ನಾನು ಈಗ ಆಗಿರುವುದನ್ನು ಅಮ್ಮನಿಗೆ ಹೇಳಿದ್ದು. ಮತ್ತೆ, ನನಗೆ ಮೊಬೈಲ್ ಇಲ್ಲ.

ಹಲಗೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಹೆಸರಿನ ಕೆಳಗಿನ ಜಾಗ ನೋಡಿದರೆ ಹೆದರಿಕೆ ಆಗುತ್ತದೆ. ಅಲ್ಲಿಗೆ ಬೇಕಾದವರನ್ನು ನಾನೇ ತರಬೇಕಲ್ಲ. ನಿಮ್ಮ ಹೆಸರಿನ ಕೆಳಗೆ ಗೆರೆ ಉಂಟು. ಅದನ್ನು ನೀವೇ ಎಳೆದದ್ದಾ? ಎಳೆಯುವಾಗ ನಿಮಗೆ ನೋವಾಗಲಿಲ್ಲವಾ?

ನೀವು ಬರೆಯುವ ಅಕ್ಷರ ನನಗೆ ಇಷ್ಟ, 'ಅ' ಎಲ್ಲಕ್ಕಿಂತ ಇಷ್ಟ. ಅದನ್ನು ಅಷ್ಟು ದೊಡ್ಡದಾಗಿ ವಾರೆಯಾಗದ ಹಾಗೆ ಬರೆಯುವುದು ಹೇಗೆ? ನನಗೆ ಕಲಿಸುತ್ತೀರಾ?

ಇಂತಿ,
ಸಾತ್ವಿಕ್
(ನಾನು ಹೆಸರು ಹೀಗೆ ಬರೆಯುವುದು ಅಮ್ಮನಿಗೆ ಗೊತ್ತುಂಟು.)

*

ಪುಂಜಾಲಕಟ್ಟೆ
1 ಆಗಸ್ಟ್ 2024

ಮಗೂ,

ನಿನ್ನ ಕಾಗದ ಸಿಕ್ಕಿತು. ಐದಕ್ಕೆ ನಾಲ್ಕೂವರೆ ಕೊಡಬಹುದು. ಬೇರೆಯವರ ಕಾಗದ ಓದಿದ್ದಕ್ಕೆ ಅರ್ಧ ಕಡಿಮೆ.

ಅಕ್ಷರದ ವಿಷಯ. ಮೊದಲು ಹಲಗೆಗೆ ಮರಳು ಕಾಗದ ಉಜ್ಜಬೇಕು. ಆಮೇಲೆ ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡೂ ಕಡೆ ಎಳೆದು ಹಿಡಿದು, ನಡುವೆ ಮೀಟಿದರೆ ನೇರವಾದ ಗೆರೆ ಬೀಳುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ. ಇಷ್ಟಾದ ಮೇಲೆ ಎಲ್ಲರೂ ತಪ್ಪು ಮಾಡುತ್ತಾರೆ, ಕೂಡಲೇ ಬಣ್ಣದ ಡಬ್ಬಿ ತೆರೆಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತು ನೋಡುತ್ತೇನೆ. ಹತ್ತಿರದಿಂದ ಸರಿ ಕಂಡದ್ದು ದೂರದಿಂದ ವಾರೆ ಇರುತ್ತದೆ. ಒರೆಸಿ ಮತ್ತೆ ಬರೆದು ಮತ್ತೆ ರಸ್ತೆ ದಾಟುತ್ತೇನೆ. ಶೀನಪ್ಪನ ಹೋಟೆಲಿನ ಬೋರ್ಡಿಗೆ ಏಳು ಸಲ ದಾಟಿದ್ದೆ. ಬೋರ್ಡು ಬರುವ ಮೊದಲೇ ಲಾರಿ ಅಡಿಗೆ ಹೋಗ್ತೀರಿ ಎಂದು ಅವನು ಬೈದಿದ್ದ.

ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ಮುಂದೆ ಯಾವಾಗಲಾದರೂ ಬರೆಯುತ್ತೇನೆ.

ಅಜ್ಜ

*

ಮೂಡಬಿದಿರೆ
25 ಆಗಸ್ಟ್ 2024

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದ ಈಗ ಮಗುವಿನ ಕಂಪಾಸ್ ಪೆಟ್ಟಿಗೆಯಲ್ಲಿ ಉಂಟು. ನನ್ನ ಕಟ್ಟಿಂಗ್ ಮೇಜಿನ ತುಂಬ 'ಅ' ಬರೆದು, ಎದುರಿನ ಅಂಗಡಿಯ ಜಗಲಿಗೆ ಓಡಿಹೋಗಿ ನಿಂತು ನೋಡುವುದೇ ಕೆಲಸ. ಮನೆಯಲ್ಲಿ ನಗುವ ಸದ್ದು ಕೇಳಿ ನನಗೆ ಅಳು ಬಂತು.

"ಅಮ್ಮ, ಇಂಜೆಕ್ಷನ್ ಅಂದ್ರೆ ಅಜ್ಜನ ಸೀಮೆಸುಣ್ಣದ ಹಾಗೆ ಅಲ್ವಾ?" ಎಂದ. ನಾನು ಅದನ್ನೇ ಡಾಕ್ಟರಿಗೆ ಹೇಳಿದೆ. ಅವರು ಕೂಡಲೇ ಒಪ್ಪಲಿಲ್ಲ. ಸೀಮೆಸುಣ್ಣವೂ ಗುರುತು ಬಿಡಬಹುದು ಎಂದರು. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ತಡೆ ಹಾಕಿದರೆ ಮೂಳೆಗೆ ತೊಂದರೆ ಆಗಬಹುದಂತೆ. ಹೀಗೆ ಶುರು ಮಾಡಿದ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಗಂಡಿನ ಹಾರ್ಮೋನಿಗೇ ಹೋಗುತ್ತಾರಂತೆ, ಹಾಗಾದರೆ ಇದು ಬರೀ ಕಾಯುವುದೋ ಅಥವಾ ಆಗಲೇ ಹಿಡಿದ ದಾರಿಯೋ ಎಂದು ಡಾಕ್ಟರುಗಳಲ್ಲೇ ಚರ್ಚೆ ಉಂಟಂತೆ. ಕೆಲವು ದೇಶಗಳಲ್ಲಿ ನಿಲ್ಲಿಸಿದ್ದಾರೆ, ಕೆಲವು ಕಡೆ ಕೊಡುತ್ತಾರೆ. ಕೊಡದೆ ಬಿಟ್ಟು ಮಕ್ಕಳು ಕುಸಿದದ್ದನ್ನೂ ತಾನು ನೋಡಿದ್ದೇನೆ ಎಂದರು.

ನಾನು ಗಟ್ಟಿ ಮನಸ್ಸು ಮಾಡಿದ್ದೇನೆಂದು ನೀವು ತಿಳಿದಿರಬಹುದು. ಹಾಗೇನೂ ಇಲ್ಲ. ಒಂದು ದಿನ ಕೊಡಿಸುವ ಅನಿಸುತ್ತದೆ, ಮರುದಿನ ಬೇಡ ಅನಿಸುತ್ತದೆ. ತಪ್ಪಾದರೆ ಅವನ ಮೈಯ ಮೇಲೆ ಆಗುವ ತಪ್ಪಲ್ಲವಾ ಅದು?

ಅಕ್ಟೋಬರ್ ಐದಕ್ಕೆ ಡಾಕ್ಟರು ಮತ್ತೆ ಬರಹೇಳಿದ್ದಾರೆ. ನೀವೂ ಬನ್ನಿ ಮಾವ. ಬೇಡ ಎನ್ನುವುದಾದರೆ ಅವರ ಎದುರು ಕೂತು ಹೇಳಿ.

ನಿಮ್ಮ,
ಕಾಂತಿ

*

ಪುಂಜಾಲಕಟ್ಟೆ
14 ಅಕ್ಟೋಬರ್ 2024

ಚಿ. ಕಾಂತಿಗೆ,

ಆಶೀರ್ವಾದ. ಮಗು ನಿನ್ನೆ ಕ್ಷೇಮವಾಗಿ ಬಂದು ಮುಟ್ಟಿತಲ್ಲ. ಒಂದು ವಾರ ಮನೆಯ ಗೋಡೆ, ಬಾವಿಕಟ್ಟೆ, ಹರಿಣಾಕ್ಷಿಯ ಅಕ್ಕಿ ಡಬ್ಬಿ ಎಲ್ಲದರ ಮೇಲೂ ಅಕ್ಷರ ಬರೆದಿದೆ. ಇವತ್ತು ಮನೆ ಬಿಕೋ ಎನ್ನುತ್ತದೆ.

ಐದನೇ ತಾರೀಕು ಮಂಗಳೂರಿನಲ್ಲಿ ಆ ಡಾಕ್ಟರು ನನ್ನ ಕಿವಿಯ ಅವಸ್ಥೆ ನೋಡಿ ಉತ್ತರ ಬರೆದುಕೊಟ್ಟರಲ್ಲ, ಆ ಹಾಳೆಯನ್ನು ಇಟ್ಟುಕೊಂಡಿದ್ದೇನೆ. ನಿಲ್ಲಿಸಿದರೆ ಮೈ ಮತ್ತೆ ಬೆಳೆಯುತ್ತದಾ ಎಂದದ್ದಕ್ಕೆ 'ಹೌದು'. ಇಪ್ಪತ್ತು ವರ್ಷದ ನಂತರ ಏನು ಎಂದದ್ದಕ್ಕೆ 'ಪೂರ್ತಿ ಗೊತ್ತಿಲ್ಲ'. ಕೊಡದಿದ್ದರೆ ಏನಾಗುತ್ತದೆ ಎಂದದ್ದಕ್ಕೆ 'ಅದೂ ಪೂರ್ತಿ ಗೊತ್ತಿಲ್ಲ'. ಎಲ್ಲ ಗೊತ್ತು ಎಂದು ಬರೆದಿದ್ದರೆ ನಾನು ಎದ್ದು ಬರುತ್ತಿದ್ದೆ.

ಆ ದಿನ ನೀನು ಮೂಡಬಿದಿರೆ ಬಸ್ಸು ಹತ್ತಿದ ಮೇಲೆ ನಾವಿಬ್ಬರು ಈ ಕಡೆಯ ಬಸ್ಸು ಹಿಡಿದೆವು. ಫರಂಗಿಪೇಟೆಯಲ್ಲಿ ನಾನು ಬರೆದ ಒಂದೇ ಬೋರ್ಡು ಉಳಿದಿದೆ, ಹನೀಫಾನ ಸೈಕಲ್ ಅಂಗಡಿಯದ್ದು. ಅದನ್ನು ಮಗು ನನಗಿಂತ ಮೊದಲು ಗುರುತಿಸಿ ನನ್ನ ತೋಳು ಅಲ್ಲಾಡಿಸಿತು. ನನಗೆ ಎಷ್ಟು ಸಂತೋಷ ಆಯಿತೆಂದು ಹೇಳಲಾರೆ.

ಬಂಟ್ವಾಳದಲ್ಲಿ ಬಸ್ಸು ಬದಲಿಸಬೇಕಿತ್ತು. ಬಿಸಿಲು ಜೋರಿತ್ತು. ಸೋಡಾ ಕುಡಿಯುವ ಎಂದೆ, ಬೇಡ ಎಂದಿತು. ನೀರು ಬೇಡ, ಸೀಯಾಳ ಬೇಡ. ತುಟಿ ಒಣಗಿ ಬಿರುಕು ಬಿಟ್ಟಿತ್ತು. ನಾನು ಗದರಿಸಿದಾಗ ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆದು ತೋರಿಸಿತು: ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಎದುರಿಗೇ ಎರಡು ಬಾಗಿಲು. ಒಂದರ ಮೇಲೆ ಗಂಡಸರು, ಇನ್ನೊಂದರ ಮೇಲೆ ಹೆಂಗಸರು. ಒಂದಕ್ಕೆ ಹೋದರೆ ಅಲ್ಲಿಯವರು ಬೈಯುತ್ತಾರೆ, ಇನ್ನೊಂದಕ್ಕೆ ಹೋಗಲು ತನಗೇ ಆಗುವುದಿಲ್ಲ. ಶಾಲೆಯಲ್ಲೂ ಹೀಗೆಯೇ ಅಂತೆ ಕಾಂತಿ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ನಿನಗೆ ಹೇಳಬೇಡಿ ಎಂದಿತ್ತು. ನಾನು ಹೇಳುತ್ತಿದ್ದೇನೆ.

ಇಂಥ ಬೋರ್ಡು ನಾನೇ ನೂರಾರು ಬರೆದಿದ್ದೇನೆ. ಒಂದರ ಎದುರೂ ನಿಂತು ಯೋಚಿಸಿರಲಿಲ್ಲ. ಹೋಟೆಲಿನವನ ಹತ್ತಿರ ಕೇಳಿ ಅವನ ಮನೆಯ ಬಚ್ಚಲಿಗೆ ಕರೆದುಕೊಂಡು ಹೋದೆ, ಹೊರಗೆ ಕಾವಲು ನಿಂತೆ. ಆಮೇಲೆ ಎರಡು ಲೋಟ ನೀರು ಗಟಗಟ ಕುಡಿಯಿತು. ನಾನು ಮುಖ ತಿರುಗಿಸಿ ನಿಂತೆ.

ಆ ಒಂದು ಗೇಣು ಜಾಗ ನಾನು ಅಮ್ಮಣಿಗಾಗಿ ಬಿಟ್ಟದ್ದು. ಅಮ್ಮಣಿ ಇದ್ದಿದ್ದರೆ ಮೊದಲು ಮೊಮ್ಮಗುವಿಗೆ ನೀರು ಕೊಡುತ್ತಿದ್ದಳು. ಇಂಜೆಕ್ಷನಿಗೆ ನನ್ನಿಂದ ಅಡ್ಡಿ ಇಲ್ಲ. ಹೆದರಿಕೆ ಉಂಟು, ಅದು ಇರಲಿ. ಮಸ್ಕತ್ತಿಗೆ ನಿನ್ನ ಗಂಡ ಸುಧಾಕರನಿಗೂ ಇವತ್ತೇ ಬರೆಯುತ್ತಿದ್ದೇನೆ.

ನಿನ್ನ ಮಾವ,
ಧರ್ಣಪ್ಪ

*

ಪುಂಜಾಲಕಟ್ಟೆ
14 ಅಕ್ಟೋಬರ್ 2024

ಸುಧಾಕರನಿಗೆ,

ಆಶೀರ್ವಾದ. ಡಾಕ್ಟರ ಫಾರ್ಮನ್ನು ನಾನು ನೋಡಿದೆ. ಅದರಲ್ಲಿ ತಂದೆಗೆ ಒಂದು ಸಾಲು, ತಾಯಿಗೆ ಒಂದು ಸಾಲು ಉಂಟು. ಸೋದರಮಾವನಿಗೆ ಜಾಗವೇ ಇಲ್ಲ.

ನೀನು ನನ್ನ ಬೆನ್ನ ಹಿಂದೆ ಅಡಗಿದೆ, ನಾನು ಸತ್ತ ಅಕ್ಕನ ಹಿಂದೆ ಅಡಗಿದೆ. ಮಗು ಮಾತ್ರ ಎದುರಿಗೆ ನಿಂತಿದೆ. ನನ್ನ ಒಪ್ಪಿಗೆಗಾಗಿ ಕಾದಿದ್ದರೆ, ಒಪ್ಪಿಗೆ ಉಂಟು. ನಿನಗೆ ಬೇಡ ಅನಿಸಿದರೆ ಬೇಡ ಎನ್ನು, ಆದರೆ ಬಂದು ಮಗುವಿನ ಮುಖ ನೋಡಿ ಹೇಳು.

ಧರ್ಣಪ್ಪ

*

ಮೂಡಬಿದಿರೆ
10 ನವೆಂಬರ್ 2024

ಮಾವ,

ಇಂಥ ಸುದ್ದಿ ಮೊದಲು ಸೋದರಮಾವನಿಗೆ ಹೇಳುವುದು ಕ್ರಮ. ಅದಕ್ಕೆ ಹೇಳುತ್ತಿದ್ದೇನೆ. ಬುಧವಾರ ಶಾಲೆಯಲ್ಲಿ ಆಯಿತು.

ಇವರಿಗೆ ರಜೆ ಸಿಕ್ಕಿದ್ದು ಡಿಸೆಂಬರಿಗೆ. ನಾವು ತಡವಾದೆವು. ಈಗಲೂ ಇಂಜೆಕ್ಷನ್ ಕೊಡಬಹುದು, ಮುಟ್ಟು ನಿಲ್ಲುತ್ತದೆ, ಆದರೆ ಅಷ್ಟರೊಳಗೆ ಬೆಳೆದದ್ದು ಪೂರ್ತಿ ಹಿಂದೆ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾಲ್ಕು ದಿನದಿಂದ ಅವನು ಮೇಜಿನ ಕೆಳಗೇ ಮಲಗುತ್ತಾನೆ. ಸೀಮೆಸುಣ್ಣ ಮುಟ್ಟುವುದಿಲ್ಲ. ನನಗೆ ಏನು ಮಾಡುವುದೆಂದು ತಿಳಿಯುತ್ತಿಲ್ಲ. ದಯವಿಟ್ಟು ಶಾಸ್ತ್ರಕ್ಕೆ ಹಿಂಗಾರದ ಹೂ, ಬಳೆ ಎಂದು ಏನೂ ತರಬೇಡಿ.

ಕಾಂತಿ

*

ಪುಂಜಾಲಕಟ್ಟೆ
12 ನವೆಂಬರ್ 2024

ಕಾಂತಿ,

ಜುಲೈಯಲ್ಲಿ 'ಆಗುವುದಿಲ್ಲ' ಎಂದು ಬರೆದವನು ನಾನು. ಆ ಮೂರು ತಿಂಗಳನ್ನು ಮಗುವಿಗೆ ವಾಪಸು ಕೊಡಲು ನನ್ನಿಂದ ಆಗುವುದಿಲ್ಲ. ತಪ್ಪಾಯಿತು.

ಆದರೆ ಕ್ರಮ ಬಿಡುವವನು ನಾನಲ್ಲ. ಮಾವ ಹೊಸ ಬಟ್ಟೆ ಹಿಡಿದು ಹೋಗಬೇಕು, ಹೋಗುತ್ತೇನೆ. ಗುರುವಾರ ಬರುತ್ತೇನೆ. ಮೂಸಬ್ಬನ ಅಂಗಡಿಯಿಂದ ನೀಲಿ ಶರ್ಟಿನ ತುಂಡು ತೆಗೆದಿದ್ದೇನೆ, ಸಡಿಲವಾಗಿ ಹೊಲಿದುಕೊಡು. ಅಳತೆ ತೆಗೆಯಬೇಡ, ಹಳೆಯ ಶರ್ಟು ಇಟ್ಟು ಕತ್ತರಿಸು. ಸೀಯಾಳವನ್ನೂ ತರುತ್ತೇನೆ. ಅದನ್ನು ಯಾರು ಬೇಕಾದರೂ ಕುಡಿಯಬಹುದು.

ನನಗೆ ಮೊಣಕಾಲು ನೋವು. ಆದರೂ ಮೇಜಿನ ಕೆಳಗೆ ನನಗೂ ಒಂದು ಚಾಪೆ ಹಾಕಿಡು.

ಧರ್ಣಪ್ಪ

*

ಮೂಡಬಿದಿರೆ
12 ಜನವರಿ 2025

ಪ್ರೀತಿಯ ಮಾವನಿಗೆ,

ಎಂಟನೇ ತಾರೀಕಿಗೆ ಮೊದಲ ಇಂಜೆಕ್ಷನ್ ಆಯಿತು. ಮೊದಲು ಮೂಳೆಯ ಪರೀಕ್ಷೆ ಮಾಡಿಸಿದರು. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಕೂತು ಮತ್ತೆ ಯೋಚಿಸಬೇಕು, ಬೇಡ ಅನಿಸಿದ ದಿನ ನಿಲ್ಲಿಸಬಹುದು ಎಂದಿದ್ದಾರೆ.

ಇವರು ಸಹಿ ಹಾಕುವ ಮೊದಲು ಡಾಕ್ಟರಿಗೆ ಕೇಳಿದರು: "ನಾಳೆ ದೊಡ್ಡವನಾಗಿ ನನ್ನನ್ನೇ ಬೈದ್ರೆ?" ಯಾಕೆ ಕೊಡಿಸಿದಿರಿ ಎಂದು ಬೈಯುವವರೂ ಇದ್ದಾರೆ, ಯಾಕೆ ತಡ ಮಾಡಿದಿರಿ ಎಂದು ಬೈಯುವವರೂ ಇದ್ದಾರೆ, ಬೈಯಲು ಅಪ್ಪ ಹತ್ತಿರ ಇದ್ದರೆ ಒಳ್ಳೆಯದು ಎಂದರು ಡಾಕ್ಟರು. ಇವರು ಪೆನ್ನು ತೆಗೆದು ಸಹಿ ಹಾಕಿದರು. ಹೊರಗೆ ಬಂದು ಅವನ ತಲೆ ಸವರಿ "ಹಸಿವಾಗ್ತದಾ ಮಗಾ?" ಎಂದರು. ಅವನು ಮೂರು ಪ್ಲೇಟು ಗೋಳಿಬಜೆ ತಿಂದ.

ನೀವು ಬಂದುಹೋದ ಮೇಲೆ ಅವನು ಮಂಚದ ಮೇಲೆಯೇ ಮಲಗುತ್ತಾನೆ. ನಾವು ಮಾಡಿದ್ದು ಸರಿಯೋ ಎಂದು ನನಗೆ ಈಗಲೂ ಗೊತ್ತಿಲ್ಲ. ಅವನು ನಗುವುದು ಮಾತ್ರ ಗೊತ್ತಾಗುತ್ತದೆ. ಈ ಸಲ ತಂಬಿಲಕ್ಕೆ ಬರಬಹುದಾ ಎಂದು ಕೇಳುತ್ತಿದ್ದಾನೆ. ಏನು ಹೇಳಲಿ?

ನಿಮ್ಮ,
ಕಾಂತಿ

*

ಅಳದಂಗಡಿ
1 ಫೆಬ್ರವರಿ 2025

ಚಿ. ಸಾತ್ವಿಕನಿಗೆ,

ಅಜ್ಜನ ಆಶೀರ್ವಾದ. ಬರಬಹುದಾ ಎಂದು ಕೇಳುವುದೆಂತ? ನಿನ್ನದೇ ಕುಟುಂಬ ಅಲ್ಲವಾ ಇದು? ಆ ನೀಲಿ ಶರ್ಟು ಹಾಕಿಕೊಂಡು ಬಾ.

ಹೋದ ಜುಲೈಯಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ನನ್ನ ಹೆಸರಿನ ಕೆಳಗೆ ಗೆರೆ ಎಳೆಯುವಾಗ ನೋವಾಗಲಿಲ್ಲವಾ ಎಂದು ಕೇಳಿದ್ದೆ. ಆಗಿತ್ತು ಮಗಾ. ನಮಗೆ ಮಕ್ಕಳಾಗಲಿಲ್ಲ. ಆ ದಿನ ಆ ಗೆರೆಯನ್ನು ಎರಡು ಸಲ ಒರೆಸಿ ಎಳೆದೆ, ವಯಸ್ಸಾಯಿತು ಎಂದು ಹರಿಣಾಕ್ಷಿಗೆ ಸುಳ್ಳು ಹೇಳಿದೆ. ಮೊದಲ ಸಲ ನನ್ನ ಹತ್ತಿರ ಅದನ್ನು ಕೇಳಿದವನು ನೀನು.

ಮೂರು ದಿನದಿಂದ ಇಲ್ಲಿ ಚಾವಡಿಯಲ್ಲಿ ಕೂತು ಹಲಗೆ ಉಜ್ಜಿದೆ. ಕೆಂಪು ಗೆರೆಗಳನ್ನೆಲ್ಲ ತೆಗೆದೆ. ದೊಡ್ಡವರು ಯಾರಾದರೂ ಕೇಳಿದರೆ ಹಲಗೆಗೆ ಗೆದ್ದಲು ಹತ್ತಿತ್ತು ಎನ್ನುತ್ತೇನೆ. ನಿನ್ನ ಹಳೆಯ ಹೆಸರನ್ನೂ ತೆಗೆದು, ಹೊಸತನ್ನು ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಅದರ ಕೆಳಗೆ ಗೇಣು ಅಳೆದು ಹಾಕಿದ್ದ ಗುರುತನ್ನು ಅಳಿಸಿದೆ, ಈಗ ಅಲ್ಲಿ ಬರೀ ಹಲಗೆ ಉಂಟು. ನೀನು ಬಂದು ಅಂಗಳದ ಆಚೆ ತುದಿಯಲ್ಲಿ ನಿಂತು ನೋಡು. ಸರಿ ಕಂಡರೆ ಬಣ್ಣ ತುಂಬುವ, ವಾರೆ ಕಂಡರೆ ಒರೆಸುವ. ಡಬ್ಬಿ ಮುಚ್ಚಿಯೇ ಇಟ್ಟಿದ್ದೇನೆ, ಅವಸರ ಇಲ್ಲ.

ಇನ್ನೊಂದು ವಿಷಯ. ಚಾವಡಿಯ ಹಿಂದೆ ಎರಡು ಬಚ್ಚಲು ಉಂಟು. ತಂಬಿಲಕ್ಕೆ ಬರುವವರಿಗೆಂದು ಅವುಗಳ ಬಾಗಿಲಿಗೆ ಹಿಂದೆ ನಾನೇ ಬೋರ್ಡು ಬರೆದು ಹೊಡೆದಿದ್ದೆ. ಎರಡನ್ನೂ ಕಿತ್ತು ಹರಿಣಾಕ್ಷಿಯ ಒಲೆಗೆ ಹಾಕಿದೆ. ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿದ್ದೇನೆ. ಬಾಗಿಲ ಮೇಲೆ ಏನೂ ಬರೆಯಲಿಲ್ಲ.

ಬಿಸಿಲು ಜೋರು ಉಂಟು. ದಾರಿಯಲ್ಲಿ ಹೊಟ್ಟೆ ತುಂಬ ನೀರು ಕುಡಿದುಕೊಂಡು ಬಾ.

ನಿನ್ನ ಅಜ್ಜ,
ಧರ್ಣಪ್ಪ